ಬಿಳಿ ಹಡಗಿನಲ್ಲಿ ಹಳದಿ ಬಾತು

ನಾರ್ಫೊಕ್, ವರ್ಜೀನಿಯಾ
ಮಾರ್ಚ್ ೧೪

ಪ್ರೀತಿಯ ನಡೀನ್,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ನಿನ್ನಪ್ಪನ ಹೊಟ್ಟೆಯೊಂದನ್ನು ಬಿಟ್ಟು. ಅದು ಇನ್ನೂ ಸಮುದ್ರದ ಮೇಲೇ ಇದೆ. ದೇಹ ಮಾತ್ರ ಮನೆಗೆ ಬಂದು ಸೋಫಾ ಹಿಡಿದು ಕೂತಿದೆ. ನೀನೂ ನಿನ್ನ ಹಡಗೂ, ಎಲ್ಲಿ ಎಂದು ಹೇಳುವ ಹಾಗಿಲ್ಲದ ಆ ಜಾಗದಲ್ಲಿ, ಸುಖವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಮಕ್ಕಳನ್ನು ದೂರಬಹುದು, ಅಂಚೆಯವನನ್ನೂ ದೂರಬಹುದು. ನಿಜ ಏನೆಂದರೆ ನೀನು ಕೇಳಿದ್ದು ಎರಡು ಪ್ರಶ್ನೆ. ಮೇ ತಿಂಗಳಲ್ಲಿ ಊರಿಗೆ ಬಂದ ಮೇಲೆ ಡೇಲ್‌ನನ್ನೂ ಮಕ್ಕಳನ್ನೂ ಕರೆದುಕೊಂಡು ವಿಹಾರದ ಹಡಗಿನಲ್ಲಿ ಹೋಗಬೇಕೆಂದಿದ್ದೀ, ಅಷ್ಟು ಚಿಕ್ಕವರ ಜೊತೆ ಹೋಗುವಾಗ ಏನೇನು ತಿಳಿದಿರಬೇಕು ಎಂಬುದು ಒಂದು. ಪೋಸಿ ಫೋಟೋದಲ್ಲಿ ನಿನ್ನ ಗುರುತು ಹಿಡಿಯುತ್ತಾಳೆಯೇ ಎಂಬುದು ಇನ್ನೊಂದು. "ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಮ್ಮ" ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಮೊದಲನೆಯದಕ್ಕೆ ನನ್ನ ಹತ್ತಿರ ಬೇಕಾದಷ್ಟು ಉತ್ತರವಿದೆ. ಅದರಿಂದಲೇ ಶುರು ಮಾಡುತ್ತೇನೆ.

ರಜೆ ಸಿಕ್ಕಿತೆಂದು ಹಡಗು ಹತ್ತುವ ನೌಕಾಪಡೆಯವಳನ್ನು ನಾನು ಕಂಡದ್ದು ಇದೇ ಮೊದಲು. ನಿನ್ನಪ್ಪ ಕೇಳಿ, "ಮೀನು ರಜಾ ಹಾಕಿ ಈಜೋಕ್ ಹೋದಂಗಾಯ್ತು" ಅಂದ.

ಮೊನ್ನೆ ನಾನೂ ನಿನ್ನಪ್ಪನೂ ಮಕ್ಕಳನ್ನು ಕರೆದುಕೊಂಡು ಅಂಥದೇ ವಿಹಾರದ ಹಡಗಿಗೆ ಹೊರಟ ದಿನ ಡೇಲ್ ಬಂದರಿನ ತನಕ ಬಂದು ಬಿಟ್ಟ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅವನಿಗೆ ರಜೆ ಕೊಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು ವಾಯಟ್‌ಗೂ ಪೋಸಿಗೂ ಮುತ್ತು ಕೊಟ್ಟು, ನನ್ನ ಕಡೆ ತಿರುಗಿ, "ಧೈರ್ಯವಾಗಿರಿ ಅತ್ತೆ" ಅಂದ. ಇದಕ್ಕೆ ಧೈರ್ಯ ಯಾಕೆ ಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಹಡೆದವಳು ಹಡಗು ಸೇರಿದಳು, ಹಡೆದವಳನ್ನು ಹಡೆದವಳು ಡಯಾಪರು ಸೇರಿದಳು ಎಂದು ಮನಸ್ಸಿನಲ್ಲೇ ಹೇಳಿಕೊಂಡು ನಕ್ಕೆ. ಆ ಪ್ರವಾಸದಲ್ಲಿ ನಾನು ನಿಶ್ಚಿಂತೆಯಿಂದ ನಕ್ಕದ್ದು ಅದೇ ಕೊನೆ.

ಮೊದಲ ಪಾಠ ಕಟ್ಟೆಯ ಮೇಲೇ ಆಯಿತು. ದೊಡ್ಡ ಪೆಟ್ಟಿಗೆಗಳನ್ನೆಲ್ಲ ಹಮಾಲಿಗಳು ಒಯ್ಯುತ್ತಾರೆ, ಅವು ಕೋಣೆಗೆ ಬಂದು ಸೇರುವುದು ಸಂಜೆಗೆ. ಆದ್ದರಿಂದ ಡಯಾಪರು, ಔಷಧಿ, ಈಜುಡುಗೆ, ಒಂದೊಂದು ಜೊತೆ ಬಟ್ಟೆ, ಇಷ್ಟನ್ನು ಕೈಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊ. ನಾನು ಹಾಗೆಯೇ ಹಾಕಿಕೊಂಡಿದ್ದೆ. ನಿನ್ನಪ್ಪ, ಹೆಂಡತಿಯ ಭಾರ ಇಳಿಸಬೇಕೆಂಬ ಔದಾರ್ಯ ಉಕ್ಕಿ ಬಂದು, ಅದನ್ನೂ ಬಿಚ್ಚಿ ಹಮಾಲಿಯ ಗಾಡಿಗೆ ಹಾಕಿದ. ತನ್ನ ಕೈಯಲ್ಲಿ ಭದ್ರವಾಗಿ ಉಳಿಸಿಕೊಂಡದ್ದು ರಬ್ಬರ್ ಬಾತುಗಳ ಚೀಲವನ್ನು. ಪೋಸಿ ಆ ಮಧ್ಯಾಹ್ನವಿಡೀ ಊಟದ ಕೋಣೆಯ ಬಿಳಿ ನ್ಯಾಪ್‌ಕಿನ್ನನ್ನು ಕಟ್ಟಿಕೊಂಡು ಓಡಾಡಿದಳು. ಹಡಗು ಲಂಗರು ಎತ್ತುವ ಹೊತ್ತಿಗೆ ಅವಳು ಲಂಗೋಟಿ ಇಳಿಸಿದ್ದಳು.

ಬಾತುಗಳ ವಿಷಯ ನಿನಗೆ ತಿಳಿದಿರಲಿಕ್ಕಿಲ್ಲ, ನಿಮ್ಮ ಯುದ್ಧದ ಹಡಗಿನಲ್ಲಿ ಇಂಥ ತಮಾಷೆಗಳಿರುವುದಿಲ್ಲ. ಇಲ್ಲಿ ಮಕ್ಕಳಿರುವ ಮನೆಯವರೆಲ್ಲ ಅಂಗೈಯಲ್ಲಿ ಹಿಡಿಸುವ ಹಳದಿ ರಬ್ಬರ್ ಬಾತುಗಳನ್ನು ತಂದು, ಕೊರಳಿಗೆ ಚೀಟಿ ಕಟ್ಟಿ, ಹಡಗಿನ ಸಂದುಗೊಂದಿಗಳಲ್ಲಿ ಬಚ್ಚಿಡುತ್ತಾರೆ. ಸಿಕ್ಕವರು ಇಟ್ಟುಕೊಳ್ಳಬಹುದು, ಬೇಕಾದರೆ ಬೇರೆ ಕಡೆ ಬಚ್ಚಿಡಬಹುದು. ಚೀಟಿಯಲ್ಲಿ ಊರಿನ ಹೆಸರು, ಒಂದು ಶುಭಾಶಯ ಇದ್ದರೆ ಮುಗಿಯಿತು. ತಪ್ಪದೆ ಒಂದು ಚೀಲ ತೆಗೆದುಕೊಂಡು ಹೋಗು, ಮಕ್ಕಳು ಗಂಟೆಗಟ್ಟಲೆ ಕೂಗದೆ ಹುಡುಕುತ್ತಾರೆ. ಆದರೆ ಚೀಟಿಯನ್ನು ನೀನೇ ಬರೆ. ಇದನ್ನು ಯಾಕೆ ಹೇಳಿದೆನೆಂದು ಮುಂದೆ ತಿಳಿಯುತ್ತದೆ.

ಹಡಗಿನ ಬಾಗಿಲಲ್ಲಿ ಟಿಕೆಟ್ ನೋಡುತ್ತಿದ್ದ ಹೆಂಗಸು ವಾಯಟ್‌ನ ಕೆನ್ನೆ ಮುಟ್ಟಿ, "ಏನ್ ಪುಟ್ಟಾ, ಹಡಗು ಮೊದಲ್ನೇ ಸಲಾನಾ?" ಅಂದಳು.

"ಹೂಂ. ನಮ್ಮಮ್ಮ ಒಳಗಿದಾಳೆ. ನಾನ್ ಬಂದೆ ಅಂತ ಹೇಳ್ತೀರಾ?"

ಪಾಪ, ಆಕೆ ಕಂಪ್ಯೂಟರಿನಲ್ಲಿ ನಿನ್ನ ಹೆಸರು ಹುಡುಕತೊಡಗಿದಳು. ಹಿಂದೆ ಸಾಲು ಬೆಳೆಯಿತು. ನಾನು ಅವನನ್ನು ಪಕ್ಕಕ್ಕೆಳೆದು, "ಕಂದಾ, ಅಮ್ಮನ ಹಡಗೇ ಬೇರೆ, ಇದೇ ಬೇರೆ. ಅಮ್ಮಂದು ಬೂದಿ ಬಣ್ಣ. ಇದು ನೋಡು, ಹಾಲಿನಂಗೆ ಬೆಳ್ಳಗಿದೆ" ಅಂದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಅಜ್ಜಿ, ಅಮ್ಮ ಫೋನಲ್ಲಿ ಏನ್ ಹೇಳ್ತಾಳೆ? ದಿನಾ ಹಡಗಿಗೆ ಪೇಂಟ್ ಹೊಡೀತಿದೀನಿ ಅಂತ ತಾನೆ?"

"ಹೌದು."

"ಹೊಡೆದಾಯ್ತು."

ಇದು ನಿನ್ನದೇ ತಪ್ಪು. ಮಗು ಕೇಳಿದಾಗಲೆಲ್ಲ "ಏನಿಲ್ಲ ಕಣೋ, ಪೇಂಟ್ ಹೊಡೀತಿದೀನಿ" ಎಂದರೆ ಅವನು ಇನ್ನೇನು ತಿಳಿಯಬೇಕು? ಅಮ್ಮ ದೊಡ್ಡ ಹಡಗಿನಲ್ಲಿ ಸಮುದ್ರಕ್ಕೆ ಹೋಗಿದ್ದಾಳೆ ಎಂದು ನಾವೇ ಹೇಳಿಕೊಟ್ಟವರು. ಈಗ ದೊಡ್ಡ ಹಡಗಿನಲ್ಲಿ ಸಮುದ್ರಕ್ಕೆ ಹೋಗೋಣ ಬಾ ಎಂದು ಕರೆದವರೂ ನಾವೇ. ಆಮೇಲೆ ಎರಡು ಮೂರು ಸಲ ಬಿಡಿಸಿ ಹೇಳಿದೆ. ನಾನು ಕಾರು ಓಡಿಸುವ ಬಗ್ಗೆ ಸಲಹೆ ಕೊಟ್ಟಾಗ ಡೇಲ್ ಹೇಗೆ ತಲೆಯಾಡಿಸುತ್ತಾನೋ ಹಾಗೆಯೇ ತಲೆಯಾಡಿಸಿದ.

ಇನ್ನು ಈಜುಕೊಳ. ಡಯಾಪರು ಹಾಕಿದ ಮಗುವನ್ನು ಕೊಳದ ಹತ್ತಿರಕ್ಕೂ ಬಿಡುವುದಿಲ್ಲ, ನೀರಿಗೆಂದೇ ಮಾಡಿದ ಡಯಾಪರಾದರೂ ಅಷ್ಟೆ. ಮಕ್ಕಳನ್ನು ನೋಡಿಕೊಳ್ಳುವ ಆಟದ ಕೋಣೆಯೊಂದಿದೆ, ಬಹಳ ಒಳ್ಳೆಯವರು, ಆದರೆ ಮೂರು ತುಂಬಿದವರಿಗೆ ಮಾತ್ರ. ಅಂದರೆ ವಾಯಟ್‌ಗೆ ಎಲ್ಲ ಬಾಗಿಲೂ ತೆರೆದಿತ್ತು, ಪೋಸಿಗೆ ಸಮುದ್ರದ ತೆರೆಯೊಂದನ್ನು ಬಿಟ್ಟು ಇನ್ನೇನೂ ತೆರೆದಿರಲಿಲ್ಲ. ಅವಳು ಕೊಳದ ಕಾವಲಿಗೆ ನಿಂತ ಯುವಕನ ಮುಂದೆ ನಿಂತು, ಡಯಾಪರು ಬಿಚ್ಚಿ ಅವನ ಕೈಗೇ ಕೊಟ್ಟು, ನೀರಿನ ಕಡೆ ಓಡಿದಳು. ಕಾನೂನಿನ ಪ್ರಕಾರ ಅವಳು ಮಾಡಿದ್ದು ಸರಿಯೇ ಇತ್ತು. ಅವನು, "ಮೇಡಂ, ಇದನ್ನಾದ್ರೂ ತಗೊಳ್ಳಿ" ಎಂದು ನನ್ನ ಹಿಂದೆ ಓಡಿದ. ಮೇ ತಿಂಗಳೊಳಗೆ ಅವಳಿಗೆ ಕಕ್ಕಸಿನ ಅಭ್ಯಾಸ ಮಾಡಿಸುವ ಪ್ರಯತ್ನದಲ್ಲಿದ್ದೇನೆ, ಫಲಿತಾಂಶದ ಭರವಸೆ ಕೊಡಲಾರೆ. ಅಷ್ಟರವರೆಗೆ ಇದೊಂದು ನೆನಪಿಡು: ಹಡಗಿನ ಕೋಣೆಗಳಲ್ಲಿ ಸ್ನಾನದ ತೊಟ್ಟಿ ಇರುವುದಿಲ್ಲ. ಶವರಿನ ಜಾಗ ಎಷ್ಟು ಕಿರಿದೆಂದರೆ ಸೋಪು ಬಿದ್ದರೆ ಅದನ್ನು ಮುಂದಿನ ಪ್ರಯಾಣಿಕರಿಗೆ ಬಿಟ್ಟು ಬರಬೇಕು. ಗಾಳಿ ತುಂಬುವ ಪುಟ್ಟ ತೊಟ್ಟಿಯೊಂದನ್ನು ಮಡಿಚಿ ಒಯ್ದರೆ ಪೋಸಿ ಅದರಲ್ಲೇ ದಿನ ಕಳೆಯುತ್ತಾಳೆ. ಗಾಳಿ ಊದಲು ಪಂಪು ತೆಗೆದುಕೊಂಡು ಹೋಗು. ನಾವು ನಿನ್ನಪ್ಪನನ್ನು ತೆಗೆದುಕೊಂಡು ಹೋಗಿದ್ದೆವು.

ಕೋಣೆ ಹಿಡಿಯುವಾಗ ಹಡಗಿನ ನಡುಮಧ್ಯೆ, ಕೆಳಗಿನ ಅಂತಸ್ತಿನಲ್ಲಿ ಹಿಡಿ, ಅಲ್ಲಿ ಓಲಾಟ ಕಡಿಮೆ. "ಸಮುದ್ರ ಚೆನ್ನಾಗಿ ಕಾಣ್ಬೇಕು" ಎಂದು ನಿನ್ನಪ್ಪ ಹಡಗಿನ ಮೂತಿಯ ತುದಿಯಲ್ಲಿ ಹಿಡಿದಿದ್ದ. ಸಮುದ್ರ ಚೆನ್ನಾಗಿಯೇ ಕಂಡಿತು. ಒಂದು ಸಲ ಕಿಟಕಿಯ ಮೇಲೆ, ಒಂದು ಸಲ ಕಿಟಕಿಯ ಕೆಳಗೆ. ಕೆಲಸದಲ್ಲಿದ್ದಷ್ಟು ಕಾಲವೂ ನೌಕಾನೆಲೆಯ ಉಗ್ರಾಣದಲ್ಲಿದ್ದವನು ಅವನು. ದಡ ಬಿಟ್ಟವರೆಲ್ಲ ದಡ್ಡರು ಎಂದು ನಗುತ್ತಿದ್ದವನು ಹಾಸಿಗೆ ಹಿಡಿದ. ಹಸಿರು ಸೇಬು, ಉಪ್ಪು ಬಿಸ್ಕತ್ತು ತಿನ್ನಿಸಿದರೆ ಹೊಟ್ಟೆ ನಿಲ್ಲುತ್ತದೆ ಅಂದರು. ತಿನ್ನಿಸಿದೆ. ವಾಂತಿಯಾದ ಮೇಲೆಯೇ ಶಾಂತಿಯಾದದ್ದು. ನಾನು ಪೋಸಿಯನ್ನು ಹಿಡಿಯಲು ಓಡುವುದು, ವಾಯಟ್ ಹಾಸಿಗೆಯ ಪಕ್ಕ ಕೂತು ತಾತನ ಕೈಯಲ್ಲಿ ಬಾತುಗಳ ಚೀಟಿ ಬರೆಸುವುದು, ಹೀಗೆ ಕೆಲಸ ಹಂಚಿಕೊಂಡೆವು.

ಹಡಗಿನ ಉದ್ದಕ್ಕೂ ಬಾಗಿಲುಗಳೆಲ್ಲ ಒಂದೇ ತರಹ. ಮಕ್ಕಳಿಗೆ ಗುರುತು ಸಿಗಲೆಂದು ಬಾಗಿಲಿಗೆ ಏನಾದರೂ ಅಂಟಿಸಬೇಕು. ಬಾಗಿಲು ಕಬ್ಬಿಣದ್ದು, ಆಯಸ್ಕಾಂತ ಸಾಕು. ನಾವು ದೊಡ್ಡದೊಂದು ಹಸಿರು ಮೀನು ಅಂಟಿಸಿದ್ದೆವು.

ಮಾರನೆಯ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಇಬ್ಬರೂ ಒಂದೇ ಬಗೆಯ ಅನಾನಸ್ ಚಿತ್ರದ ಅಂಗಿ ತೊಟ್ಟ ವಯಸ್ಸಾದ ಗಂಡ ಹೆಂಡತಿ. ಕೈಯಲ್ಲಿ ಹಳದಿ ಬಾತು. "ನಾವು ಒಹಾಯೋದವ್ರು. ಬರೋಕ್ ಹೇಳಿದ್ರಂತಲ್ಲ?" ಅಂದರು. ನಾನು ಬಾಯಿ ತೆರೆಯುವುದರೊಳಗೆ ವಾಯಟ್ ನನ್ನ ಕೈಯಡಿಯಿಂದ ತಲೆ ಹಾಕಿ, ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, "ನೀವಲ್ಲ" ಎಂದು ಬಾಗಿಲು ಹಾಕಿದ.

ಸ್ವಲ್ಪ ಹೊತ್ತಿಗೆ ಒಬ್ಬ ಯುವಕ, ಒದ್ದೆ ಚಡ್ಡಿ, ಕೈಯಲ್ಲಿ ಬಿಯರು. "ಇಲ್ಲಿ ಯಾರೋ ನಂಗಾಗಿ ಕಾಯ್ತಿದಾರೆ ಅನ್ಸುತ್ತೆ" ಎಂದು ನನ್ನನ್ನು ನೋಡಿ, "ಓ, ಸಾರಿ" ಅಂದ. ಆಮೇಲೆ ರಿಚ್‌ಮಂಡಿನ ಚರ್ಚೊಂದರ ಹಾಡುಗಾರ್ತಿಯರ ತಂಡ. ಅವರು ಬಾತನ್ನು ಹಿಂದಿರುಗಿಸಿದ್ದಲ್ಲದೆ, ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ನಿನ್ನಪ್ಪನನ್ನು ಬಾಗಿಲಿಂದಲೇ ಕಂಡು, ದನಿ ತಗ್ಗಿಸಿ ಒಂದು ಭಕ್ತಿಗೀತೆ ಹಾಡಿ ಹೋದರು.

"ಲೋರ್ನಾ," ನಿನ್ನಪ್ಪ ನರಳಿದ, "ನಾನಿನ್ನೂ ಹೋಗಿಲ್ಲ. ಇಷ್ಟ್ ಜನ ಯಾಕ್ ಬರ್ತಿದಾರೆ?"

ಆಗ ನಾನು ಬಾತಿನ ಕೊರಳ ಚೀಟಿ ಬಿಡಿಸಿ ಓದಿದೆ. ನಿನ್ನಪ್ಪನ ಅಕ್ಷರ, ಹಡಗಿನ ಜೊತೆ ಓಲಾಡುತ್ತಿತ್ತು. "ಅಮ್ಮಾ, ನಾವು ಬಂದಿದ್ದೇವೆ. ಹಸಿರು ಮೀನಿನ ಬಾಗಿಲು. ಪೇಂಟ್ ಚೆನ್ನಾಗಿದೆ. ವಾಯಟ್, ಪೋಸಿ."

ಚೀಲದಲ್ಲಿದ್ದ ಬಾತುಗಳೆಲ್ಲ ಆ ಹೊತ್ತಿಗೆ ಖಾಲಿ. ವಾಯಟ್ ಅವನ್ನು ಯಾರಿಗೋ ಸಿಗಲೆಂದು ಬಚ್ಚಿಟ್ಟಿರಲಿಲ್ಲ, ನಿನಗೆ ಕಾಣಲೆಂದು ಇಟ್ಟಿದ್ದ. ಹಗ್ಗದ ಸುರುಳಿಗಳ ಮೇಲೆ, ಜೀವರಕ್ಷಣೆಯ ದೋಣಿಗಳ ಕೆಳಗೆ, ಎಲ್ಲೆಲ್ಲಿ ಬಣ್ಣ ಹೊಸದಾಗಿ ಕಂಡಿತೋ ಅಲ್ಲೆಲ್ಲ. ಅವನ್ನು ವಾಪಸು ತರುತ್ತೇನೆಂದು ಹೊರಟು, ಬಗ್ಗಿ ಬಗ್ಗಿ ಬಾತು ಹುಡುಕಿ, ಕಡೆಗೆ ಬಾತದ್ದು ನನ್ನ ಮೊಣಕಾಲು. ಒಂದೂ ಸಿಗಲಿಲ್ಲ. ಕೋಣೆಗೆ ಬಂದು ನಿನ್ನಪ್ಪನ ಮೇಲೆ ಹರಿಹಾಯ್ದೆ.

"ಇದನ್ನ ಬರೀವಾಗ ನಿಂಗೇನೂ ಅನ್ನಿಸ್ಲಿಲ್ವಾ ಗಾರ್ಲೆಂಡ್?"

"ಅನ್ನಿಸ್ತು."

"ಮತ್ತೆ?"

"ನೀನಾಗಿದ್ರೆ ಬರೆಯಲ್ಲ ಅಂತಿದ್ಯಾ ಅವನಿಗೆ?"

ನಾನು ಚೀಟಿಯನ್ನು ಮತ್ತೆ ಮಡಿಚಿ ಬಾತಿನ ಕೊರಳಿಗೇ ಕಟ್ಟಿದೆ. ಮದುವೆಯಾದ ಮೇಲೆ ನಾನು ಅವನಿಗೆ ಸೋತದ್ದು ಅಪರೂಪ. ಸಮುದ್ರಕಾಯಿಲೆಯನ್ನು ಮರೆತು ಅವನು ಗೆಲುವಿನ ನಗೆ ನಕ್ಕ. ಆಮೇಲೆ ಬಕೆಟ್ ಕೇಳಿದ.

ಬಹಾಮಾಸ್‌ನಲ್ಲಿ ಹಡಗು ನಿಂತ ದಿನ ಜನರೆಲ್ಲ ದಡಕ್ಕೆ ಇಳಿದು ಹೋಗುತ್ತಾರೆ. ನೀವು ಇಳಿದರೂ ಬೇಗ ಹಿಂದಿರುಗಿ. ಹಡಗೆಲ್ಲ ನಿಮ್ಮದೇ, ಐಸ್‌ಕ್ರೀಮಿಗೆ ಸಾಲಿಲ್ಲ, ಜಾರುಬಂಡೆಗೆ ಸಾಲಿಲ್ಲ. ವಾಯಟ್ ಅವತ್ತು ಯಂತ್ರದ ಕೋಣೆಯೆಂದು ಬರೆದಿದ್ದ ಬಾಗಿಲಿನ ಮುಂದೆ ಬಹಳ ಹೊತ್ತು ಕೂತ. ಐಸ್‌ಕ್ರೀಮು ಕರಗಿ ಮೊಣಕೈಗೆ ಇಳಿಯುತ್ತಿತ್ತು. "ಅಮ್ಮ ಡ್ಯೂಟಿ ಮುಗಿಸ್ಕೊಂಡ್ ಇಲ್ಲಿಂದ ಬರ್ಬೋದು" ಅಂದ. ನಾನು ಪಕ್ಕದಲ್ಲಿ ಕೂತೆ. ಒಬ್ಬ ನಲ್ಲಿ ರಿಪೇರಿಯವನು ಬಂದ. ವಾಯಟ್ ಅವನಿಗೂ "ನೀವಲ್ಲ" ಅಂದ. "ನಂಗೊತ್ತು ಬಿಡಪ್ಪ, ನಮ್ಮನೇಲೂ ಹಂಗೇ ಅಂತಾರೆ" ಎಂದು ಅವನು ಹೊರಟುಹೋದ.

ಊಟಕ್ಕೆ ಸಂಜೆಯ ಮೊದಲ ಪಂಕ್ತಿಯನ್ನೇ ಕೇಳಿ ಹಾಕಿಸಿಕೊ. ಕೂತ ತಕ್ಷಣ ಬಡಿಸುವವನಿಗೆ ಮಕ್ಕಳ ತಟ್ಟೆ ಮೊದಲು ತರಲು ಹೇಳು, ಇಲ್ಲದಿದ್ದರೆ ಅವರು ಮೇಜುಬಟ್ಟೆಯಿಂದಲೇ ಶುರು ಮಾಡುತ್ತಾರೆ. ಒಂದು ಸಂಜೆ ಎಲ್ಲರೂ ಸೂಟು, ಗೌನು ತೊಟ್ಟು ಊಟಕ್ಕೆ ಬರುವ ಪದ್ಧತಿಯಿದೆ. ಅವತ್ತು ಹಡಗಿನ ಅಧಿಕಾರಿಗಳೂ ಬಿಳಿ ಸಮವಸ್ತ್ರ ತೊಟ್ಟು ಮೇಜಿಂದ ಮೇಜಿಗೆ ಬಂದು ಮಾತಾಡಿಸುತ್ತಾರೆ. ನಿನ್ನಪ್ಪ ಹಾಸಿಗೆಯಿಂದ ಎದ್ದು ಟೈ ಕಟ್ಟಿಕೊಂಡು ಬಂದ. ಮುಖದ ಬಣ್ಣ ಟೈಗೆ ಹೊಂದುತ್ತಿತ್ತು, ಟೈ ತಿಳಿಹಸಿರು.

ನಮ್ಮ ಮೇಜಿಗೆ ಬಂದವಳು ಸಿಗ್ರಿಡ್ ಎಂಬ ನಾರ್ವೆಯ ಎತ್ತರದ ಹೆಂಗಸು. ಅಡಿಯಿಂದ ಮುಡಿಯವರೆಗೆ ಬಿಳಿ. ಅಂಗೈಯಲ್ಲಿ ಹಳದಿ ಬಾತು. "ಹಸಿರು ಮೀನಿನ ಬಾಗಿಲವರು ನೀವೇ ತಾನೆ?" ಅಂದಳು. ವಾಯಟ್ ಕುರ್ಚಿಯ ಮೇಲೆ ಹತ್ತಿ ನಿಂತು ಅವಳ ಮುಖವನ್ನು ಹತ್ತಿರದಿಂದ ನೋಡಿದ. ಈ ಸಲ ಬಹಳ ಹೊತ್ತು ತೆಗೆದುಕೊಂಡ.

"ಇವ್ರೂ ಅಲ್ಲ" ಅಂದ. ಆಮೇಲೆ, ಅವಳಿಗೆ ಬೇಸರವಾಗದಿರಲೆಂದೋ ಏನೋ, "ಬಟ್ಟೆ ಮಾತ್ರ ಸರಿಯಾಗಿದೆ" ಅಂದ.

"ನಿಮ್ಮಮ್ಮ ಎಲ್ಲಿದಾರೆ?"

"ಹಡಗಲ್ಲಿ. ಸಿಗ್ತಿಲ್ಲ."

ಅವಳು ನಗಲಿಲ್ಲ. "ನಂಗೂ ನಿನ್ನಷ್ಟೇ ದೊಡ್ಡ ಮಗ ಇದಾನೆ. ಊರಲ್ಲಿ ಅವನೂ ಎಲ್ರ ಹತ್ರ ಹಿಂಗೇ ಹೇಳ್ತಾನಂತೆ" ಅಂದಳು. ವಾಯಟ್ ಯೋಚಿಸಿ, "ಅವನಿಗ್ ಹೇಳಿ, ನೀವ್ ಇಲ್ಲಿದೀರ ಅಂತ" ಅಂದ. "ಹೇಳ್ತೀನಿ" ಎಂದು ಅವಳು ಬಾತನ್ನು ಜೇಬಿಗಿಟ್ಟುಕೊಂಡಳು. ಪೋಸಿ ಆ ಹೊತ್ತಿನಲ್ಲಿ ಸ್ವಲ್ಪ ಗಲಾಟೆ ಮಾಡಿದಳು, ಅದಿರಲಿ.

ವಾಪಸು ಬರುವ ಬೆಳಿಗ್ಗೆ ನೀರು ಕನ್ನಡಿಯಂತಿತ್ತು. ನಿನ್ನಪ್ಪನಿಗೆ ಹಸಿವಾಯಿತು, ಅಂದರೆ ದಡ ಹತ್ತಿರ ಬಂತೆಂದು ತಿಳಿಯಿತು. ವಾಯಟ್‌ನನ್ನು ಹೆಗಲಮೇಲೆ ಕೂರಿಸಿಕೊಂಡು ಕಟಕಟೆಯ ಹತ್ತಿರ ನಿಂತ. ಬಂದರಿಗೆ ಬರುವ ದಾರಿಯಲ್ಲೇ ನಿಮ್ಮ ನೌಕಾನೆಲೆ ಸಿಗುತ್ತದಲ್ಲ, ಸಾಲಾಗಿ ಬೂದಿ ಬಣ್ಣದ ಹಡಗುಗಳು, ನಡುವೆ ನಿಮ್ಮ ಹಡಗಿನ ಜಾಗ ಮಾತ್ರ ಹಲ್ಲು ಬಿದ್ದ ಬಾಯಿಯಂತೆ ಖಾಲಿ. ವಾಯಟ್ ಒಂದೊಂದನ್ನೂ ನೋಡುತ್ತ ಬಂದ. ಖಾಲಿ ಜಾಗ ಬಂದಾಗ ತಾತನ ಕಿವಿ ಹಿಡಿದು ನಿಲ್ಲಿಸಿದ, ಹಡಗನ್ನೇ ನಿಲ್ಲಿಸುವವನಂತೆ.

"ಇವ್ಯಾವ್ದಕ್ಕೂ ಬಿಳಿ ಪೇಂಟ್ ಹೊಡೆದೇ ಇಲ್ಲ ತಾತ."

"ಇಲ್ಲ ಕಣಪ್ಪ."

"ಹಂಗಾದ್ರೆ ಅಮ್ಮಂದೂ ಇನ್ನೂ ಮುಗಿದಿಲ್ಲ."

"ಇನ್ನೇನ್ ಸ್ವಲ್ಪ ಉಳಿದಿರ್ಬೇಕು."

"ಅಜ್ಜಿ ಹೇಳಿದ್ದೇ ಸರಿ ಇತ್ತು" ಎಂದು ನನ್ನ ಕಡೆ ನೋಡದೆಯೇ ಹೇಳಿದ. ಆ ಖಾಲಿ ಜಾಗಕ್ಕೆ ಕೈ ಬೀಸಿದ. ನಾವೂ ಬೀಸಿದೆವು. ಪಕ್ಕದಲ್ಲಿದ್ದ ಒಹಾಯೋದ ಅನಾನಸ್ ದಂಪತಿ, ಯಾರಿಗೆಂದು ತಿಳಿಯದೆ, ಅವರೂ ಬೀಸಿದರು.

ಇಷ್ಟು ಮಗಳೇ ವಿಹಾರದ ಹಡಗಿನ ವಿಷಯ. ಹೋಗಿ ಬಾ. ಕೋಣೆ ಮಧ್ಯದಲ್ಲಿ, ಊಟ ಮೊದಲ ಪಂಕ್ತಿಯಲ್ಲಿ, ಕೈಚೀಲ ಹೆಗಲಲ್ಲಿ. ನಿನ್ನಪ್ಪ ಮನೆಯಲ್ಲಿ. ಸಮುದ್ರ ನಿನ್ನನ್ನು ಅಲೆಸಲಿ, ಅಲುಗಿಸದಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಏಣಿ ಹತ್ತುವಾಗ ಕೈ ಬಿಡಬೇಡ, ಆ ಪೇಂಟಿನ ವಾಸನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊ. ದೇವರು ನಿನ್ನನ್ನೂ ನಿನ್ನ ಜೊತೆಯವರನ್ನೂ ಕಾಯಲಿ.

ನಿನ್ನ ಅಮ್ಮ,
ಲೋರ್ನಾ

ತಾ.ಕ. ಎರಡನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲವೆಂದು ನಿನಗೆ ಗೊತ್ತಾಗಿರುತ್ತದೆ. ಫ್ರಿಜ್ಜಿನ ಮೇಲಿರುವ ನಿನ್ನ ಬಿಳಿ ಸಮವಸ್ತ್ರದ ಫೋಟೋಗೆ ಪೋಸಿ ದಿನಾ ಬೆಳಿಗ್ಗೆ ಮುತ್ತು ಕೊಟ್ಟು "ಅಮ್ಮ" ಅನ್ನುತ್ತಾಳೆ. ಹಿಂದೆ ಹಾಗೆ ಬರೆದಿದ್ದೆ, ಅದು ನಿಜ. ಆ ಸಂಜೆ ಅವಳು ನನ್ನ ತೊಡೆಯಿಂದ ಜಾರಿ ಹೋಗಿ ಸಿಗ್ರಿಡ್‌ಳ ಕಾಲು ತಬ್ಬಿಕೊಂಡು, ಬಿಳಿ ಬಟ್ಟೆಗೆ ಕೆನ್ನೆ ಒತ್ತಿ "ಅಮ್ಮ" ಅಂದಳು. ಬಿಡಿಸಿಕೊಳ್ಳಲು ನಾವಿಬ್ಬರೂ ಬೇಕಾಯಿತು. ಮೇಲೆ ತಲೆಯೆತ್ತಿ ಆ ಮುಖವನ್ನು ಅವಳು ಒಮ್ಮೆಯೂ ನೋಡಲಿಲ್ಲ. ಮಾರನೆಯ ದಿನ ಬಿಳಿ ಕೋಟು ತೊಟ್ಟ ದಪ್ಪ ಮೀಸೆಯ ಅಡುಗೆಯವನಿಗೂ "ಅಮ್ಮ" ಅಂದಳು. ನಿನ್ನಪ್ಪ ಬಿದ್ದು ಬಿದ್ದು ನಕ್ಕ, ಆಮೇಲೆ ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅವಳಿಗೆ ಗೊತ್ತಿರುವುದು ಬಿಳುಪು ಕಣೆ. ನಿನ್ನ ಮುಖವಲ್ಲ.

ಮೇ ತಿಂಗಳಲ್ಲಿ ನಿಮ್ಮ ಹಡಗು ಕಟ್ಟೆಗೆ ಬರುವಾಗ ನೀವೆಲ್ಲ ಬಿಳಿ ತೊಟ್ಟು ಕಟಕಟೆಯುದ್ದಕ್ಕೂ ಸಾಲಾಗಿ ನಿಂತಿರುತ್ತೀರಿ. ನೂರಾರು ಅಮ್ಮಂದಿರು. ಇಳಿದು ಬಂದಾಗ ಅವಳು ಯಾರ ಕಡೆಗೋ ಓಡುತ್ತಾಳೆ. ಅದು ನೀನಲ್ಲದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಜೋರಾಗಿ ಕರೆಯಲೂ ಬೇಡ, ಬೆಚ್ಚುತ್ತಾಳೆ. ಇದರ ಜೊತೆ ಒಂದು ಬಾತು ಕಳಿಸಿದ್ದೇನೆ. ವಾಯಟ್ ಬಚ್ಚಿಡದೆ ಜೇಬಿನಲ್ಲಿ ಉಳಿಸಿಕೊಂಡಿದ್ದದ್ದು, ಕೇಳಿದ ಕೂಡಲೇ ಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡು ಇಳಿ. ಮೇಲಧಿಕಾರಿ ಬೈದರೆ ನನ್ನ ಹೆಸರು ಹೇಳು. ಬಾತು ಕಂಡರೆ ಪೋಸಿ ಎಲ್ಲಿದ್ದರೂ ಬರುತ್ತಾಳೆ. ಬಂದು ಕೈ ಚಾಚಿದಾಗ ತಕ್ಷಣ ಕೊಟ್ಟುಬಿಡಬೇಡ. ಸ್ವಲ್ಪ ಹೊತ್ತು ಅದನ್ನು ನಿನ್ನ ಮುಖದ ಹತ್ತಿರ ಹಿಡಿದುಕೊಂಡಿರು.